ಎಂಟು ಪಾಟಿಗಳ ಏಣಿ

ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗಿ ಆದೋನಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾಳೆ. ಹೋದ ಬೇಸಿಗೆಯಲ್ಲಿ ಒಂದು ದಿನ ಆಕೆ ಮೆಟ್ಟಿಲ ಮೇಲೆ ಕೂತು, ಫೋನಿನಲ್ಲಿ ಹೆಸರುಗಳ ಉದ್ದನೆಯ ಪಟ್ಟಿಯೊಂದನ್ನು ಬೆರಳಿನಿಂದ ಮೇಲಕ್ಕೆ ತಳ್ಳುತ್ತಿದ್ದಳು. ಸಾವಿರ ಹೆಸರು ಇವೆ ಎಂದಳು. ಅಂಗೈಯಷ್ಟು ಗಾಜಿನಲ್ಲಿ ಸಾವಿರ ಸಾಲನ್ನು ಎಲ್ಲಿ ಬಚ್ಚಿಟ್ಟಿದ್ದೀರಿ ಎಂದು ಕೇಳಿದೆ. ಸಾವಿರ ಸಾಲು ಇಲ್ಲವೇ ಇಲ್ಲವಂತೆ. ಇರುವುದು ಹತ್ತೋ ಹನ್ನೆರಡೋ. ಮೇಲೆ ಹೋಗಿ ಮರೆಯಾದ ಸಾಲನ್ನೇ ಒರೆಸಿ, ಅದರ ಮೇಲೆ ಮುಂದಿನ ಹೆಸರು ಬರೆದು, ಕೆಳಗಿನಿಂದ ಮತ್ತೆ ಒಳಗೆ ಬಿಡುತ್ತಾರಂತೆ. ನೋಡುವವರಿಗೆ ಪಟ್ಟಿ ಮುಗಿಯುವುದೇ ಇಲ್ಲ.

ಆಕೆ ಮೊದಲು ಇದನ್ನು ಕಲಿತದ್ದು ಆಬ್ಜೆಕ್ಟಿವ್-ಸಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ. ಅದರಲ್ಲಿ ಪಟ್ಟಿ ನಡೆಸುವ ಒಂದು ಕಂಟ್ರೋಲರನ್ನು ಒಮ್ಮೆ ಬರೆದಿಟ್ಟರೆ ಸಾಕು, ಆಮೇಲೆ ಅದಕ್ಕೆ ಮನುಷ್ಯರನ್ನು ಕೊಡಿ, ಊರುಗಳನ್ನು ಕೊಡಿ, ತರಕಾರಿ ಕೊಡಿ, ತೋರಿಸುತ್ತದೆ. ತಾನು ತೋರಿಸುತ್ತಿರುವುದು ಏನು ಎಂದು ಅದಕ್ಕೆ ತಿಳಿದಿರಬೇಕಾಗಿಲ್ಲ. ಇದನ್ನೆಲ್ಲ ಆಕೆ ಬಹಳ ಹೆಮ್ಮೆಯಿಂದ ವಿವರಿಸಿ, ಕೊನೆಗೆ ಒಂದು ಮಾತು ಹೇಳಿದಳು:

“ಒರೆಸೋದು ಮರ್ತರ ಹಳೇದು ಹೊಸದರ ಮ್ಯಾಲ ಉಳಿದುಬಿಡ್ತೈತಿ ತಾತಾ. ಎಷ್ಟು ಸಲ ಹೇಳಿದ್ರೂ ನಮ್ಮ ಹುಡುಗ್ರು ಅದೇ ತಪ್ಪು ಮಾಡ್ತಾರ.”

ನಾನು ಒಳಗೆ ಎದ್ದುಹೋದೆ. ಆ ತಪ್ಪನ್ನು ಆದೋನಿಯಲ್ಲಿ ಎಲ್ಲರಿಗಿಂತ ಮೊದಲು ಮಾಡಿದವನು ನಾನು. ಆಗ ಈ ಹುಡುಗಿ ಹುಟ್ಟಿರಲಿಲ್ಲ, ಆಕೆಯ ಆ ಭಾಷೆಯೂ ಹುಟ್ಟಿರಲಿಕ್ಕಿಲ್ಲ. ಐದನೆಯ ತರಗತಿಗೆ ಶಾಲೆ ಬಿಟ್ಟ ನನ್ನಂಥವನು ಜಗತ್ತಿಗಿಂತ ಮುಂದಿದ್ದದ್ದು ಇದೊಂದೇ ವಿಷಯದಲ್ಲಿ. ಆದ್ದರಿಂದ ಬರೆದಿಡುತ್ತಿದ್ದೇನೆ.

ಎಪ್ಪತ್ತರ ದಶಕದಲ್ಲಿ ನಮ್ಮಪ್ಪ ಆದೋನಿಯ ಒಂದು ಮದುವೆ ಛತ್ರದ ಮೇಲ್ವಿಚಾರಕನಾಗಿದ್ದ. ಹತ್ತಿ ವ್ಯಾಪಾರದ ಐದು ಮನೆತನಗಳು ಸೇರಿ ಕಟ್ಟಿಸಿದ ಛತ್ರ. ಧರ್ಮಕ್ಕಾಗಿ ಕಟ್ಟಿಸಿದ್ದು ಎಂದು ಹೆಬ್ಬಾಗಿಲ ಮೇಲೆ ಬರೆಸಿದ್ದರು. ಯಾರ ಧರ್ಮ ಎಷ್ಟು ಎಂಬುದನ್ನು ಒಂದೊಂದು ಕಂಬದ ಮೇಲೂ ಬರೆಸಿದ್ದರು. ಹಿತ್ತಲ ಬಾವಿಯ ಪಕ್ಕದ ಎರಡು ಕೋಣೆ ಮೇಲ್ವಿಚಾರಕನ ಸಂಸಾರಕ್ಕೆ. ಅಮ್ಮ ಇರಲಿಲ್ಲ. ನಾವು ಮೂವರು: ಅಪ್ಪ, ಅಕ್ಕ, ನಾನು.

ಛತ್ರದ ಕೆಲಸವೆಂದರೆ ಪಟ್ಟಿಗಳ ಕೆಲಸ. ಎಷ್ಟು ಹಂಡೆ ಹೊರಗೆ ಹೋದವು, ಯಾವ ಕೋಣೆ ಯಾವ ಬೀಗರಿಗೆ, ಯಾವ ತರಕಾರಿ ಬಂತು, ಯಾವ ಅಡಿಗೆಯವ ಬರಲಿಲ್ಲ. ಇವುಗಳಿಗಾಗಿ ಧರ್ಮದರ್ಶಿಗಳು ನಾಲ್ಕು ದೊಡ್ಡ ಹಲಗೆ ಮಾಡಿಸಿ ಎಣ್ಣೆಬಣ್ಣದಲ್ಲಿ ಬರೆಸಿದ್ದರು. ಪಾತ್ರೆಯ ಹಲಗೆ ಪಾತ್ರೆಗೆ ಮಾತ್ರ, ಕೋಣೆಯ ಹಲಗೆ ಕೋಣೆಗೆ ಮಾತ್ರ. ಪ್ರತಿ ಹಲಗೆಯ ಮುಕ್ಕಾಲು ಭಾಗ ದಾನಿಯ ಹೆಸರು, ಅವರ ತಂದೆಯ ಹೆಸರು, ಊರು. ಉಳಿದ ಕಾಲು ಭಾಗದಲ್ಲಿ ಪಾತ್ರೆಗಳು ಒಂದರ ಮೇಲೊಂದು ಇಕ್ಕಟ್ಟಾಗಿ ಕೂತಿದ್ದವು. ‘ಹಂಡೆ ಆರು’ ಎಂದು ಬಣ್ಣದಲ್ಲಿ ಬರೆದಿತ್ತು. ಯಾರೋ ಏಳನೆಯ ಹಂಡೆ ದಾನ ಕೊಟ್ಟಾಗ ಅದನ್ನು ಬರೆಯಲು ಜಾಗ ಇರಲಿಲ್ಲ. ದಾನಿಯ ಹೆಸರನ್ನು ಅಳಿಸುವ ಹಾಗೂ ಇರಲಿಲ್ಲ. ಆದ್ದರಿಂದ ಏಳನೆಯ ಹಂಡೆ ಅನೇಕ ವರ್ಷ ಇದ್ದೂ ಇಲ್ಲದಂತೆ ಇತ್ತು. ಅಪ್ಪ ಅದನ್ನು ಎಲ್ಲಕ್ಕಿಂತ ಜೋಪಾನ ಮಾಡುತ್ತಿದ್ದ. ಲೆಕ್ಕದಲ್ಲಿಲ್ಲದ್ದು ಕಳೆದರೆ ಹುಡುಕುವುದು ಹೇಗೆ ಎಂಬುದು ಅವನ ಭಯ.

ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. ಹತ್ತನೆಯ ತರಗತಿ ಪಾಸು ಮಾಡಿದ್ದಳು. ಆಸ್ಪರಿಯ ಕಡೆ ಮದುವೆಯಾಗಿ ಹೋದವಳು ವರ್ಷ ತುಂಬುವುದರೊಳಗೆ ಗಂಡ ಜ್ವರದಲ್ಲಿ ತೀರಿಕೊಂಡದ್ದರಿಂದ ವಾಪಸ್ ಬಂದಳು. ಬಂದದ್ದು ಮದುವೆ ಛತ್ರಕ್ಕೆ. ಗಂಡ ಸತ್ತ ಹೆಣ್ಣನ್ನು ಮದುವೆ ಛತ್ರದಲ್ಲಿ ಎಲ್ಲಿ ಇಟ್ಟುಕೊಳ್ಳುವುದು ಎಂದು ಧರ್ಮದರ್ಶಿಗಳು ಒಂದು ಇಡೀ ಮಧ್ಯಾಹ್ನ ಕೂತು ವಿಚಾರ ಮಾಡಿದರು. ಉಗ್ರಾಣದಲ್ಲಿ ಇರಬಹುದು, ಕೆಲಸ ಮಾಡಬಹುದು, ಮದುವೆಯ ದಿನ ಪಡಸಾಲೆಗೆ ಬರಬಾರದು ಎಂದಾಯಿತು. ಪಡಸಾಲೆಯ ಬಾಳೆಎಲೆಯ ಮೇಲೆ ಬೀಳುವ ಅಕ್ಕಿಯ ಪ್ರತಿ ಕಾಳೂ ಆಕೆ ಅಳೆದು ಕೊಟ್ಟದ್ದೇ. ಅಕ್ಕಿಗೆ ಅದರಿಂದ ಏನೂ ಆಗಲಿಲ್ಲ.

ಪಡಸಾಲೆಗೆ ತಾನು ಹೋಗುವ ಹಾಗಿಲ್ಲದ್ದರಿಂದ ಆಕೆ ಅಲ್ಲಿಗೆ ಹೋಗಿ ನಿಲ್ಲುವ ಒಂದು ಪಟ್ಟಿಯನ್ನು ಯೋಚಿಸಿದಳು. ಬಡಗಿಯನ್ನು ಕರೆಸಿ, ಮುರಿದ ಬಾಗಿಲಿನ ಎರಡು ನಿಲುವುಪಟ್ಟಿಗಳಿಗೆ ಉದ್ದಕ್ಕೂ ತೋಡು ಕೊರೆಸಿದಳು. ಎರಡನ್ನೂ ಎದುರುಬದುರು ನಿಲ್ಲಿಸಿ ಕೆಳಗೆ ಮೇಲೆ ಅಡ್ಡಪಟ್ಟಿ ಬಡಿಸಿದಳು. ಆ ತೋಡುಗಳ ನಡುವೆ ಶಾಲೆಯ ಮಕ್ಕಳ ಕಪ್ಪು ಸ್ಲೇಟುಗಳನ್ನು, ನಮ್ಮ ಕಡೆ ಪಾಟಿ ಎನ್ನುತ್ತೇವೆ, ಒಂದರ ಮೇಲೊಂದು ಜಾರಿಸಿದಳು. ಎಂಟು ಪಾಟಿ ಹಿಡಿಸಿದವು. ಏಳನ್ನು ಅಂಗಡಿಯಿಂದ ತಂದದ್ದು. ಎಂಟನೆಯದು ನನ್ನದು. ನನ್ನ ವಿದ್ಯಾಭ್ಯಾಸದಲ್ಲಿ ಉಳಿದದ್ದು ಅದೊಂದೇ.

ಕೆಳಗಿನಿಂದ ಒಂದು ಪಾಟಿ ತುರುಕಿ ಮೇಲೆತ್ತಿದರೆ ಎಲ್ಲವೂ ಒಂದು ಗೇಣು ಏರುತ್ತಿದ್ದವು, ಮೇಲಿನದು ತಲೆ ಹೊರಗೆ ಹಾಕುತ್ತಿತ್ತು. ಅದನ್ನು ತೆಗೆದು, ಒರೆಸಿ, ಮುಂದಿನದನ್ನು ಬರೆದು, ಮತ್ತೆ ಕೆಳಗಿನಿಂದ ತುರುಕುವುದು. ಕೆಳಗೆ ಬೀಳದಂತೆ ಒಂದು ಮರದ ಗೂಟ. ಎಂಟೇ ಪಾಟಿಯಲ್ಲಿ ನೂರು ಇನ್ನೂರರ ಪಟ್ಟಿ ಹೋಗುತ್ತಿತ್ತು. ಜನ ಅದನ್ನು ಪಾಟಿ ಏಣಿ ಎಂದರು.

ಅಕ್ಕ ಪ್ರತಿ ಪಾಟಿಯ ಮೇಲೆ ಮೊಳೆಯಿಂದ ಎರಡು ಗೀರು ಕೊರೆದು ಮೂರು ಮನೆ ಮಾಡಿದ್ದಳು. ಮೊದಲ ಮನೆಯಲ್ಲಿ ಏನು ಅಥವಾ ಯಾರು. ಎರಡನೆಯದರಲ್ಲಿ ಎಷ್ಟು. ಮೂರನೆಯದರಲ್ಲಿ ಷರಾ, ಅಂದರೆ ಇನ್ನೇನಾದರೂ ಹೇಳುವುದಿದ್ದರೆ. ಹಂಡೆ, ಆರು, ಒಂದಕ್ಕೆ ಕಲಾಯಿ ಬೇಕು. ಬದನೆಕಾಯಿ, ಎರಡು ಬುಟ್ಟಿ, ಹುಳುಕು ನೋಡಿ ಹೆಚ್ಚಿ. ಮೂರನೆಯ ಕೋಣೆ, ಹತ್ತು ಜನ, ಗಂಡಿನ ಕಡೆಯವರು. ಈ ಮೂರು ಪ್ರಶ್ನೆಗೆ ಉತ್ತರ ಕೊಡಬಲ್ಲ ಯಾವ ವಸ್ತುವಾದರೂ, ಯಾವ ಮನುಷ್ಯನಾದರೂ ಏಣಿ ಹತ್ತಬಹುದಿತ್ತು. ಪಾತ್ರೆ ಇಳಿಯುತ್ತಿದ್ದಂತೆ ಮನುಷ್ಯರು ಹತ್ತುತ್ತಿದ್ದರು.

ಇದರಲ್ಲಿ ಪಾತ್ರೆ ಬರೀಬೇಕೋ ಮಂದೀನ್ನ ಬರೀಬೇಕೋ ಎಂದು ಅಪ್ಪ ಕೇಳಿದ್ದಕ್ಕೆ ಅಕ್ಕ, “ಏಣಿಗೆ ಅದೆಲ್ಲಾ ಗೊತ್ತಿಲ್ಲಪ್ಪ. ಗೊತ್ತಿಲ್ಲ ಅಂತನಾ ಅದು ಎಲ್ಲಾದಕ್ಕೂ ಬರ್ತೈತಿ,” ಎಂದಿದ್ದಳು.

ಧರ್ಮದರ್ಶಿಗಳ ಸಭೆಯ ವಿಷಯಗಳನ್ನೂ ಅದರ ಮೇಲೆ ಬರೆಯತೊಡಗಿದರು. ಅವು ಮಾತ್ರ ಏರುತ್ತಲೇ ಇರಲಿಲ್ಲ. ಮೊದಲ ಪಾಟಿಯ ಮೇಲೆಯೇ ಊಟದ ಹೊತ್ತಾಗುತ್ತಿತ್ತು.

ನನ್ನ ಕೆಲಸ ಏಣಿಯ ಹಿಂದೆ ನಿಲ್ಲುವುದು. ಪಾತ್ರೆಯ ಪಟ್ಟಿಯನ್ನು ಅಕ್ಕ ಉಗ್ರಾಣದಲ್ಲಿ ತಾನೇ ಪಾಟಿಯ ಮೇಲೆ ಬರೆಯುತ್ತಿದ್ದಳು. ಪಡಸಾಲೆಯ ಪಟ್ಟಿಗಳನ್ನು ಮಾತ್ರ ಕಾಗದದ ಮೇಲೆ ಬರೆದುಕೊಡುತ್ತಿದ್ದಳು, ನಾನು ಅಲ್ಲಿ ಪಾಟಿಗೆ ಇಳಿಸುತ್ತಿದ್ದೆ. ನನಗೆ ಆಗ ಇಪ್ಪತ್ತೆರಡು ದಾಟಿತ್ತು. ಆಕೆ ನನಗೆ ಎರಡು ನಿಯಮ ಹೇಳಿಕೊಟ್ಟಿದ್ದಳು. ಒಂದು: ಪಾಟಿ ಕೈಗೆ ಬಂದ ತಕ್ಷಣ ಒದ್ದೆ ಅರಿವೆಯಿಂದ ಪೂರ್ತಿ ಒರೆಸಬೇಕು, ಮೂರೂ ಮನೆ, ಮೂಲೆಗಳ ಸಮೇತ, ಬರೆಯಬೇಕಾದ ಮನೆ ಮಾತ್ರ ಒರೆಸಿದರೆ ಆಗದು. ಎರಡು: ಷರಾ ಏನೂ ಇಲ್ಲದಿದ್ದರೆ ಖಾಲಿ ಬಿಡಬಾರದು, ಒಂದು ಗೀಟು ಹಾಕಬೇಕು. ಏನೂ ಇಲ್ಲ ಎಂಬುದನ್ನೂ ಬರೆಯಬೇಕು ಎನ್ನುವುದು ನನಗೆ ವಿಚಿತ್ರವಾಗಿ ಕಂಡಿತ್ತು. ಇಲ್ಲದ್ದಕ್ಕೆ ಬಳಪ ಯಾಕೆ ಸವೆಸಬೇಕು ಎಂದು ವಾದ ಮಾಡಿದ್ದೆ. ಶಾಲೆ ಬಿಟ್ಟವರಿಗೆ ವಾದದಲ್ಲಿ ಒಂದು ಅನುಕೂಲವಿದೆ, ಸೋತದ್ದು ಗೊತ್ತಾಗುವುದಿಲ್ಲ.

ಅಷ್ಟರಲ್ಲಿ ಅಪ್ಪನ ಕಣ್ಣಿಗೆ ಪೊರೆ ಬಂತು. ಮುಂದಿನ ಮೇಲ್ವಿಚಾರಕ ಯಾರು ಎಂಬ ಮಾತು ಎದ್ದಿತು. ಕೆಲಸದ ಜೊತೆಗೆ ಎರಡು ಕೋಣೆಯೂ ಹೋಗುತ್ತವೆ. ನನಗೆ ಅದರ ಚಿಂತೆ ಇರಲಿಲ್ಲ, ಗಂಡಸು, ಹತ್ತಿ ಗಿರಣಿಯಲ್ಲಾದರೂ ಮಲಗಬಹುದು. ಅಕ್ಕನಿಗೆ ಬೇರೆ ಬಾಗಿಲು ಇರಲಿಲ್ಲ. ಅಪ್ಪನಿಗೆ ಕಾಣದ್ದರಿಂದ ಛತ್ರದ ಕೀಲಿಕೈ ಗೊಂಚಲು ಆಗಲೇ ಆಕೆಯ ಸೊಂಟದಲ್ಲಿತ್ತು. ಕೆಲಸ ಮಾಡುವಾಗ ಅದನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಓಡಾಡುತ್ತಿದ್ದಳು. ಆ ಗೊಂಚಲು ತನ್ನದೆಂದು ಯಾರಾದರೂ ಬಾಯಿಬಿಟ್ಟು ಹೇಳಬೇಕು, ಅಷ್ಟೇ ಆಕೆಯ ಆಸೆ. ಧರ್ಮದರ್ಶಿಗಳ ಅಧ್ಯಕ್ಷರಾದ ಸಾವುಕಾರರಿಗೂ ಅರ್ಧ ಮನಸ್ಸಾಗಿತ್ತು. ಆಕಿ ಒಳಗ ಕುಂತು ನಡಸಲಿ, ಹೊರಗ ಏಣಿ ಐತಲ್ಲ, ತಮ್ಮನೂ ಅದಾನ ಎಂದು ಅಪ್ಪನ ಮುಂದೆ ಅಂದಿದ್ದರು. ತಮ್ಮ ಮಗನ ಮದುವೆ ಮುಗಿದ ಮೇಲೆ ಸಭೆಯಲ್ಲಿ ಹೇಳುತ್ತೇನೆಂದು ಮಾತು ಕೊಟ್ಟಿದ್ದರು.

ಅವರ ಮಗನ ಮದುವೆ ನಮ್ಮ ಛತ್ರದಲ್ಲೇ ಆಯಿತು. ಹೆಣ್ಣು ತುಂಗಭದ್ರೆಯ ದಂಡೆಯ ಮಾಧವರಂ ಕಡೆಯದು. ಮುಹೂರ್ತ, ಊಟ ಎಲ್ಲ ಚೆನ್ನಾಗಿ ಮುಗಿದವು. ಉಳಿದದ್ದು ಆಯಾರ, ಅಂದರೆ ಬೀಗರಿಗೆ, ನೆಂಟರಿಗೆ ಬಟ್ಟೆ ಉಡುಗೊರೆ ಕೊಡುವ ಶಾಸ್ತ್ರ. ಒಬ್ಬೊಬ್ಬರನ್ನೇ ಸಂಬಂಧ ಹೇಳಿ ಕೂಗುತ್ತಾರೆ. ಕೂಗಿಸಿಕೊಂಡವರು ಜಮಖಾನದ ಮೇಲೆ ಬಂದು ಕೂತು ಬಟ್ಟೆ ತೆಗೆದುಕೊಳ್ಳುತ್ತಾರೆ. ಯಾರನ್ನು ಮೊದಲು ಕೂಗಿದರು, ಯಾರನ್ನು ಆಮೇಲೆ ಎಂಬುದರ ಮೇಲೆ ನಮ್ಮ ಕಡೆ ಮನೆಗಳು ಎರಡಾಗಿವೆ. ಏಣಿ ಬಂದ ಮೇಲೆ ಆ ಜಗಳ ಕಡಿಮೆಯಾಗಿತ್ತು. ಮುಂದಿನ ಎಂಟು ಜನ ತಮ್ಮ ಸರದಿ ನೋಡಿಕೊಂಡು ಅಂಗಿ ಸರಿಮಾಡಿಕೊಂಡು ಕೂತಿರುತ್ತಿದ್ದರು.

ಉಗ್ರಾಣದಲ್ಲಿ ಅಕ್ಕ ಇನ್ನೂ ಪಾತ್ರೆ ಎಣಿಸುತ್ತಿದ್ದಳು. ಎಂಟೂ ಪಾಟಿಗಳ ಮೇಲೆ ಪಾತ್ರೆಗಳಿದ್ದವು. ಅದು ಮುಗಿದ ಮೇಲೆ ಆಯಾರ ಶುರು ಮಾಡಬೇಕೆಂದು ಆಕೆ ಹೇಳಿಕಳಿಸಿದಳು. ಬೀಗರಿಗೆ ಊರಿನ ಬಸ್ಸು ತಪ್ಪುತ್ತದೆ, ಪಾಟಿಗಳು ಈಗಲೇ ಬರಬೇಕು ಎಂದು ಸಾವುಕಾರರು ಹೇಳಿಕಳಿಸಿದರು. ನಾನು ಪಾಟಿಗಳನ್ನು ಬಗಲಲ್ಲಿ ಇರುಕಿಕೊಂಡು ಪಡಸಾಲೆಗೆ ಬಂದೆ. ಒದ್ದೆ ಅರಿವೆ ಕಿಟಕಿಯ ಮೇಲಿತ್ತು. ನಾನು ನಿಂತಲ್ಲಿಂದ ಹತ್ತು ಹೆಜ್ಜೆ. ಹೊಟ್ಟೆ ತುಂಬ ಹೋಳಿಗೆ ತಿಂದಿದ್ದೆ.

ಅಂಗಿಯ ತೋಳಿನಿಂದ ಮೊದಲ ಮನೆ, ಎರಡನೆಯ ಮನೆ ಒರೆಸಿದೆ. ಬರೆಯಬೇಕಾದದ್ದು ಅಲ್ಲಿ ತಾನೆ. ಆಯಾರದಲ್ಲಿ ಷರಾ ಎಲ್ಲಿಯದು ಎಂದು ಮೂರನೆಯ ಮನೆಯನ್ನು ಮುಟ್ಟಲಿಲ್ಲ. ಏಳು ಪಾಟಿಗಳ ಮೂರನೆಯ ಮನೆಯಲ್ಲಿ ಅಕ್ಕನ ಗೀಟು ಇತ್ತು. ಉಳಿದ ಒಂದರಲ್ಲಿ ಏನಿತ್ತು ಎಂದು ನಾನು ನೋಡಲಿಲ್ಲ. ಅದು ನನ್ನ ಶಾಲೆಯ ಪಾಟಿ. ಅದನ್ನು ನೋಡದೆ ಇರುವುದು ನನಗೆ ಶಾಲೆಯಿಂದಲೇ ರೂಢಿ.

ಕೂಗುವವನು ಬಾಡಿಗೆಯ ಕಂಠದ ಮನುಷ್ಯ. ಅವನ ದನಿ ಕೋಟೆಯ ಬೆಟ್ಟದವರೆಗೆ ಕೇಳುತ್ತಿತ್ತು. ಬರೆದದ್ದನ್ನು ಬರೆದಂತೆ ಓದುತ್ತಿದ್ದ, ಅರ್ಥದ ಗೊಡವೆಗೆ ಹೋಗುತ್ತಿರಲಿಲ್ಲ. ಗೀಟು ಕಂಡರೆ ಉಸಿರು ತೆಗೆದುಕೊಳ್ಳುತ್ತಿದ್ದ. ಮೊದಲ ಪಾಟಿ, ಹೆಣ್ಣಿನ ತಂದೆ, ಒಂದು ಜೋಡಿ ಪಂಚೆ, ಉಸಿರು. ಎರಡನೆಯದು, ಹೆಣ್ಣಿನ ದೊಡ್ಡಪ್ಪ, ಒಂದು ಪಂಚೆ, ಉಸಿರು. ಮೂರನೆಯದು ಹೆಣ್ಣಿನ ಸೋದರಮಾವನದು. ಐವತ್ತು ದಾಟಿದ ಭಾರೀ ಆಳು. ಮೂರು ಹಳ್ಳಿಯ ಪಂಚಾಯ್ತಿಗೆ ಅವರೇ ಹೋಗಬೇಕು. ಅವರಿಗೆ ಓದಲು ಬರುತ್ತಿದ್ದದ್ದು ತೆಲುಗು ಮಾತ್ರ, ಆದ್ದರಿಂದ ಅಷ್ಟು ಹೊತ್ತು ಏಣಿಯ ಎದುರಿಗೇ ಕೂತಿದ್ದರೂ ಏನೂ ತಿಳಿದಿರಲಿಲ್ಲ. ಎದ್ದು ಬಂದು ಜಮಖಾನದ ಮೇಲೆ ಚಕ್ಕಳಬಕ್ಕಳ ಹಾಕಿ ಕೂತರು.

“ಹೆಣ್ಣಿನ ಸೋದರಮಾವ,” ಎಂದು ಕೂಗುವವನು ಕೂಗಿದ. “ಒಂದು ರುಮಾಲು. ತಳ ಸವೆದಿದೆ, ವಾಪಸ್ ಕಳಿಸು.”

ಅದು ಒಂದು ಕೊಪ್ಪರಿಗೆಯ ಷರಾ.

ಪಡಸಾಲೆ ಎರಡು ಪಕ್ಷವಾಯಿತು. ಸವೆದದ್ದು ರುಮಾಲು, ಹಳೆಯ ಬಟ್ಟೆ ಕೊಟ್ಟಿದ್ದಾರೆ ಎಂದು ಒಂದು ಪಕ್ಷ. ರುಮಾಲಿಗೆ ತಳ ಎಲ್ಲಿಂದ ಬಂತು, ಅಂದದ್ದು ಮನುಷ್ಯನಿಗೇ ಎಂದು ಇನ್ನೊಂದು. ಯಾವ ಅವಮಾನ ಆಗಿದೆ ಎಂಬುದನ್ನು ತೀರ್ಮಾನಿಸದೆ ಕೋಪ ಮಾಡಿಕೊಳ್ಳುವುದು ಹೇಗೆಂದು ಸೋದರಮಾವ ಕೆಲಹೊತ್ತು ಎರಡೂ ಕಡೆಯ ವಾದ ಕೇಳಿಸಿಕೊಂಡರು. ಕೊನೆಗೆ ಎರಡೂ ಆಗಿವೆ ಎಂದು ತೀರ್ಪು ಕೊಟ್ಟುಕೊಂಡು, ರುಮಾಲನ್ನು ಮಡಿಚಿ ಜಮಖಾನದ ಮೇಲಿಟ್ಟರು. “ವಾಪಸ್ ಕಳಿಸು ಅಂದ್ರಲ್ಲ, ಕಳಿಸಿದೀನಿ,” ಎಂದು ಎದ್ದರು. ಅವರ ಹಿಂದೆ ಅರ್ಧ ದಿಬ್ಬಣ ಎದ್ದಿತು. ಮದುಮಗಳು ಅಳುತ್ತ ಉಳಿದಳು. ಬಸ್ಸು ಮಾತ್ರ ಯಾರಿಗೂ ತಪ್ಪಲಿಲ್ಲ.

ಸಂಜೆ ಐದಕ್ಕೆ ಐವರು ಧರ್ಮದರ್ಶಿಗಳು ಅಂಗಳದ ಮದುವೆ ಚಪ್ಪರದ ಕೆಳಗೆ ಕೂತರು. ಅಪ್ಪನನ್ನು ಒಂದು ಕುರ್ಚಿಯಲ್ಲಿ ಕೂರಿಸಿದರು. ಆ ಪಾಟಿಯನ್ನು ತರಿಸಿ ಮಧ್ಯದಲ್ಲಿಟ್ಟರು. ನಾನು ಎದುರು ನಿಂತೆ. ಉಗ್ರಾಣದ ಬಾಗಿಲು ಒಂದು ಬೆರಳಷ್ಟು ತೆರೆದಿತ್ತು. ಒಳಗೆ ಕೀಲಿಕೈ ಗೊಂಚಲಿನ ಸಣ್ಣ ಸದ್ದು ಕೇಳುತ್ತಿತ್ತು.

ಸಾವುಕಾರರು ಕೋಪ ಬಂದಾಗ ತೆಲುಗಿಗೆ ಹೋಗುತ್ತಿದ್ದರು. ಮೂರನೆಯ ಮನೆಯ ಮೇಲೆ ಬೆರಳಿಟ್ಟು, “ಇದಿ ಎವರಿ ರಾತ?” ಎಂದರು. ನನಗೆ ತೆಲುಗು ಬರುವುದಿಲ್ಲವೆಂದುಕೊಂಡರೋ ಏನೋ, ಕನ್ನಡದಲ್ಲೂ ಕೇಳಿದರು. “ಇದು ಯಾರ ಅಕ್ಷರ?”

ಆ ಪಾಟಿಯ ಮೇಲೆ ಮೂರು ಮನೆ ಇದ್ದವು. ಎರಡರಲ್ಲಿ ನನ್ನ ಕೋಳಿಕಾಲಿನ ಅಕ್ಷರ. ಮೂರನೆಯದರಲ್ಲಿ ಅಕ್ಕನ ದುಂಡನೆಯ ಅಕ್ಷರ. ಅವರು ಕೇಳಿದ್ದು ಮೂರನೆಯದನ್ನು ಮಾತ್ರ.

“ಅದು ಅಕ್ಕನ ಅಕ್ಷರ ರೀ,” ಎಂದೆ.

ಸುಳ್ಳಲ್ಲ. ಜೀವಮಾನದಲ್ಲಿ ನಾನು ಅಷ್ಟು ಶುದ್ಧವಾದ ನಿಜ ಇನ್ನೊಂದು ಹೇಳಿಲ್ಲ. ಯಾವ ಕೋರ್ಟಿಗೆ ಹೋದರೂ ನಿಲ್ಲುವಂಥ ನಿಜ. ಬಾಗಿಲ ಹಿಂದೆ ಗೊಂಚಲಿನ ಸದ್ದು ನಿಂತಿತು.

ಆಮೇಲಿನದೆಲ್ಲ ಅವರೇ ಕೂಡಿಸಿಕೊಂಡರು. ಗಂಡ ಸತ್ತ ಹೆಣ್ಣು, ಬೇರೆಯವರ ಮದುವೆ ನೋಡಿ ಹೊಟ್ಟೆಯುರಿ ಇದ್ದೇ ಇರುತ್ತದೆ, ಒಳಗೆ ಕೂತು ಬರೆದಿದ್ದಾಳೆ ಎಂದು ಒಬ್ಬರು ಅಂದರು. ಉಳಿದ ನಾಲ್ವರು ತಲೆಯಾಡಿಸಿದರು, ಅಷ್ಟೊತ್ತಿಗೆ ಚಹಾ ಬಂದಿತ್ತು. ಏಣಿಯದೇನೂ ತಪ್ಪಿಲ್ಲ, ಒಳ್ಳೆಯ ಏಣಿ, ಅದು ಛತ್ರದ ಆಸ್ತಿ ಎಂದು ಠರಾವು ಮಾಡಿದರು. ಗಂಡಸಿನ ಕೈಯಲ್ಲಿದ್ದರೆ ಇನ್ನೂ ಒಳ್ಳೆಯದು ಎಂದೂ ಬರೆದುಕೊಂಡರು. ಕೊಪ್ಪರಿಗೆಯ ತಳ ಸವೆದಿದೆಯೇ ಎಂದು ಯಾರೂ ನೋಡಲಿಲ್ಲ. ಅದು ಇನ್ನೂ ಆರು ತಿಂಗಳು ಸೋರಿತು.

ನಾನು ಉಗ್ರಾಣಕ್ಕೆ ಹೋದಾಗ ಅಕ್ಕ ಟ್ರಂಕಿನಲ್ಲಿ ಸೀರೆ ಇಡುತ್ತಿದ್ದಳು. ಬೈಯುತ್ತಾಳೆಂದು ಕಾಯ್ದೆ. ಆಕೆ ಬೈಯಲಿಲ್ಲ.

“ಒದ್ದಿ ಅರಿವಿ ಎಲ್ಲಿತ್ತು?” ಎಂದಳು.

“ಕಿಟಕಿ ಮ್ಯಾಲ.”

“ಎಷ್ಟು ದೂರ?”

“ಹತ್ತು ಹೆಜ್ಜಿ.”

ಒಂದು ಸೀರೆ ಮಡಿಚಿ ಮುಗಿಸಿದಳು. “ಒರೆಸೋದು ಮರ್ತದ್ದು ಇರ್ಲಿ. ಕೆಲಸ ಮಾಡೋರು ಮರೀತಾರ. ಹೊರಗ ಅರ್ಧ ಮಾತು ಹೇಳಿದಿ ನೋಡು, ಅದರ ಇನ್ನರ್ಧ ಹೇಳಾಕ ಇನ್ನಾ ಹೊತ್ತು ಐತಿ. ಸಾವುಕಾರ್ರು ಇನ್ನಾ ಅಂಗಳದಾಗ ಅದಾರ.”

ಇದ್ದರು. ಮದುವೆಯ ಗದ್ದಲದಲ್ಲಿ ಕಳೆದ ಚಪ್ಪಲಿಯ ಇನ್ನೊಂದು ಕಾಲನ್ನು ಹುಡುಕುತ್ತಿದ್ದರು. ಬಾಗಿಲಿನಿಂದ ನೋಡಿದರೆ ಇದೂ ಹತ್ತೇ ಹೆಜ್ಜೆ. ಅವರು ಚಪ್ಪರದ ಕೆಳಗೆ ಬಗ್ಗಿದರು, ಕಂಬದ ಹಿಂದೆ ನೋಡಿದರು, ಬಾವಿಯ ಕಡೆ ಹೋಗಿ ಬಂದರು. ಒಬ್ಬ ಮನುಷ್ಯ ಒಂದು ಮಾತು ಹೇಳಲು ಬೇಕಾಗುವುದಕ್ಕಿಂತ ಹೆಚ್ಚು ಹೊತ್ತು ಹುಡುಕಿದರು. ಕೊನೆಗೆ ಯಾರದ್ದೋ ಮೆಟ್ಟಿಕೊಂಡು ಹೊರಟುಹೋದರು. ನಾಳೆ ಹೇಳ್ತೀನಿ ಎಂದು ನಾನು ಅಕ್ಕನಿಗೆ ಹೇಳಿದೆ. ಆಕೆ ಸೊಂಟದಿಂದ ಗೊಂಚಲು ಬಿಚ್ಚಿ ಅಕ್ಕಿಯ ಡಬ್ಬಿಯ ಮೇಲಿಟ್ಟಳು. ಮರುದಿನ ಅದನ್ನು ನನಗೆ ಕೊಟ್ಟರು.

ಕೆಲಸ ಸಿಕ್ಕ ಮೇಲೆ ಹೇಳಬಹುದೆಂದುಕೊಂಡೆ. ಸಿಕ್ಕ ಮೇಲೆ, ಹೇಳಿದರೆ ಅಪ್ಪ ಎಲ್ಲಿರಬೇಕು ಎಂದುಕೊಂಡೆ. ಅಪ್ಪ ತೀರಿಕೊಂಡ ಮೇಲೆ, ಇನ್ನು ಯಾರಿಗೆ ಬೇಕು ಎಂದುಕೊಂಡೆ. ಹೇಡಿಗೆ ಕಾರಣಗಳು ಆ ಏಣಿಯ ಪಾಟಿಗಳ ಹಾಗೆ, ಒಂದು ಮೇಲೆ ಹೋಗುವಷ್ಟರಲ್ಲಿ ಕೆಳಗಿನಿಂದ ಇನ್ನೊಂದು ಬರುತ್ತದೆ.

ಅಕ್ಕ ಚಿಪ್ಪಗಿರಿಯಲ್ಲಿದ್ದ ಚಿಕ್ಕಮ್ಮನ ಮನೆಗೆ ಹೋದಳು. ಕಡಲೆಕಾಯಿ ಬಿಡಿಸಲು ಕೂಲಿಗೆ ಹೋಗುತ್ತಿದ್ದಳು, ಉಳಿದ ಹೊತ್ತು ಕೌದಿ ಹೊಲಿಯುತ್ತಿದ್ದಳು. ನಾನು ಹಬ್ಬಕ್ಕೆ ಹೋಗಿ ನೋಡಿಕೊಂಡು ಬರುತ್ತಿದ್ದೆ. ಪ್ರತಿ ಸಲ ಏಣಿ ಚೆನ್ನಾಗಿದೆಯೇ ಎಂದು ಕೇಳುತ್ತಿದ್ದಳು, ಮನೆಯವರ ಕ್ಷೇಮ ಕೇಳುವ ಹಾಗೆ. ಚೆನ್ನಾಗಿದೆ ಎನ್ನುತ್ತಿದ್ದೆ. ನಿಜಕ್ಕೂ ಚೆನ್ನಾಗಿತ್ತು. ಅಷ್ಟರಲ್ಲಿ ಸಾವುಕಾರರು ಅದಕ್ಕೆ ಹಸಿರು ಬಣ್ಣ ಹೊಡೆಸಿ, ಮೇಲಿನ ಅಡ್ಡಪಟ್ಟಿಯ ಮೇಲೆ ತಮ್ಮ ತಂದೆಯ ಸ್ಮರಣಾರ್ಥ ಎಂದು ಬರೆಸಿದ್ದರು. ಆ ತಂದೆ ಏಣಿ ಹುಟ್ಟುವುದಕ್ಕಿಂತ ಮೊದಲೇ ತೀರಿಹೋಗಿದ್ದರು.

ನನ್ನ ಒರೆಸುವಿಕೆ ಮಾತ್ರ ಬಹಳ ಸುಧಾರಿಸಿತು. ಒದ್ದೆ ಅರಿವೆಯನ್ನು ಹೆಗಲ ಮೇಲೇ ಇಟ್ಟುಕೊಂಡಿರುತ್ತಿದ್ದೆ. ಷರಾದ ಮನೆಯಲ್ಲಿ ಗೀಟು ಹಾಕುವುದರಲ್ಲಿ ಇಡೀ ಆದೋನಿಯಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ.

ಎಂಬತ್ತರ ದಶಕದ ಆರಂಭದಲ್ಲಿ ನನಗೆ ಮದುವೆ ಗೊತ್ತಾಯಿತು. ಛತ್ರದ ಮೇಲ್ವಿಚಾರಕನ ಮದುವೆಗೆ ಛತ್ರ ಉಚಿತ ಎಂದು ಧರ್ಮದರ್ಶಿಗಳು ಉದಾರವಾಗಿ ಹೇಳಿದರು. ಐವರೂ ಮುಂದಿನ ಸಾಲಿನಲ್ಲಿ ಕೂತಿದ್ದರು. ಅಕ್ಕ ಚಿಪ್ಪಗಿರಿಯಿಂದ ಬಸ್ಸಿನಲ್ಲಿ ಎರಡು ದಿನ ಮೊದಲೇ ಬಂದಳು. ಯಾರೂ ಹೇಳುವ ಮೊದಲೇ ಉಗ್ರಾಣಕ್ಕೆ ಹೋಗಿ ಸೆರಗು ಸಿಕ್ಕಿಸಿದಳು.

ಹೆಣ್ಣಿನ ಕಡೆಯವರ ಆಯಾರದಲ್ಲಿ ಮೊದಲ ಉಡುಗೊರೆ ಗಂಡಿನ ಅಕ್ಕನಿಗೆ. ಅವರ ಮನೆಯ ಪದ್ಧತಿ ಅದು. ನನ್ನ ಮಾವ ಆಕೆಗೆಂದು ಕಂದು ಅಂಚಿನ ಒಂದು ಸೀರೆ ತಂದಿದ್ದರು. ಅಕ್ಕ ಗಂಡ ಸತ್ತವಳೆಂದು ಅವರಿಗೆ ಗೊತ್ತಿತ್ತು. ಅದರಿಂದೇನಾಯಿತು, ಅಕ್ಕ ಅಕ್ಕನೇ ಎಂದಿದ್ದರು. ಆದೋನಿಗೆ ಹೊಸಬರು, ನಮ್ಮ ಧರ್ಮ ಅವರಿಗೆ ತಿಳಿಯದು. ಮದುಮಗನಾದರೂ ಪಾಟಿಗಳನ್ನು ನಾನೇ ಬರೆದೆ, ಬೇರೆಯವರ ಕೈಗೆ ಕೊಡುವ ಧೈರ್ಯವಿರಲಿಲ್ಲ. ಅರಿಸಿನದ ಕೈಯಿಂದ ಮೊದಲ ಪಾಟಿಯ ಮೇಲೆ ಬರೆದೆ: ಗಂಡಿನ ಅಕ್ಕ. ಒಂದು ಸೀರೆ. ಗೀಟು.

ಅದನ್ನು ಏಣಿಗೆ ಏರಿಸಿದೆ. ಕೂಗುವವನು ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಅದೇ ಮನುಷ್ಯ, ಅದೇ ಕಂಠ. ಅವನು ಕೂಗಿದರೆ ಬೆಟ್ಟದವರೆಗೆ ಕೇಳುತ್ತದೆ, ಉಗ್ರಾಣಕ್ಕೆ ಕೇಳದೆ ಇರುವುದಿಲ್ಲ. ಅಕ್ಕ ಬಾಗಿಲು ದಾಟಿ ಪಡಸಾಲೆಗೆ ಬರಬೇಕಾಗುತ್ತದೆ. ಐವರ ಎದುರು ಜಮಖಾನದ ಮೇಲೆ ಕೂರಬೇಕಾಗುತ್ತದೆ.

ಸಾವುಕಾರರು ನನ್ನನ್ನು ನೋಡಿ ನಕ್ಕರು. “ಈ ಸಲ ಪಟ್ಟಿ ಎಲ್ಲಾ ಸರಿ ಐತೇನಪ್ಪಾ?” ಎಂದರು. ಅಷ್ಟೇ ಅಂದದ್ದು. ಬಹುಶಃ ತಮಾಷೆಗೆ. ಅವರು ಪಾಟಿಯನ್ನು ಓದಿರಲೇ ಇಲ್ಲ ಎಂದು ಇಂದು ನನಗೆ ಅನ್ನಿಸುತ್ತದೆ. ತೆಗಿ ಎಂದು ಅವರಾಗಲಿ, ಇನ್ನಾರಾಗಲಿ ಹೇಳಲಿಲ್ಲ.

ನಾನು ಏಣಿಯ ಹತ್ತಿರ ಹೋಗಿ ಮೇಲಿನ ಪಾಟಿ ತೆಗೆದೆ. ಬಾಸಿಂಗ ಕಣ್ಣಿಗೆ ಅಡ್ಡ ಬರುತ್ತಿತ್ತು. ಒದ್ದೆ ಅರಿವೆಯಿಂದ ಮೂರೂ ಮನೆ ಒರೆಸಿದೆ. ನಾಲ್ಕೂ ಮೂಲೆ ಒರೆಸಿದೆ. ಮರದ ಅಂಚನ್ನೂ ಒರೆಸಿದೆ. ಒಂದು ಗೆರೆಯೂ ಉಳಿಯಲಿಲ್ಲ. ಅದನ್ನು ಕೆಳಗಿಟ್ಟು, ಎರಡನೆಯ ಪಾಟಿಯಿಂದ ಕೂಗಲು ಹೇಳಿದೆ. ಗಂಡಿನ ಸೋದರತ್ತೆ, ಒಂದು ಸೀರೆ, ಉಸಿರು. ಯಾವ ಜಗಳವೂ ಇಲ್ಲದೆ ಆಯಾರ ಮುಗಿಯಿತು. ಮಾವನ ಮುಖ ಸ್ವಲ್ಪ ಬಾಡಿತು. ಕಂದು ಅಂಚಿನ ಸೀರೆಯನ್ನು ಮದುಮಗಳ ತಾಯಿ ಹಿಂದಿನಿಂದ ಉಗ್ರಾಣಕ್ಕೆ ಒಯ್ದು ಕೊಟ್ಟರಂತೆ.

ಅಕ್ಕ ತೀರಿಕೊಂಡು ಬಹಳ ಕಾಲವಾಯಿತು. ಚಪ್ಪಲಿ ಹುಡುಕಿದ ಸಾವುಕಾರರೂ ಇಲ್ಲ. ಅರ್ಧ ಮಾತಿನ ಇನ್ನರ್ಧ ಕೇಳಬೇಕಾದವರು ಯಾರೂ ಉಳಿಯದ ಮೇಲೆ ನನ್ನ ಬಾಯಿ ಬಂದಿದೆ. ಆ ಪಾಟಿ ಒರೆಸದವನು ನಾನು. ಅಕ್ಕ ಬರೆದದ್ದು ಕೊಪ್ಪರಿಗೆಗೆ. ಇದನ್ನು ಮಹಡಿಯ ಹುಡುಗಿಗೆ ಓದಿ ಹೇಳಬೇಕೆಂದಿದ್ದೇನೆ, ಆಕೆಯ ಹುಡುಗರಿಗೆ ಪಾಠಕ್ಕಾದರೂ ಬಂದೀತು.

ನನ್ನ ಮದುವೆಯ ಆ ಮಧ್ಯಾಹ್ನ ಆಯಾರ ಮುಗಿದ ಮೇಲೆ ಪಾತ್ರೆ ಎಣಿಸುವ ಹೊತ್ತಾಗಿತ್ತು. ಎಂಟು ಪಾಟಿಗಳನ್ನು ನಾನೇ ಉಗ್ರಾಣಕ್ಕೆ ಒಯ್ದೆ. ಅಕ್ಕ ಅಕ್ಕಿಯ ಡಬ್ಬಿಯ ಪಕ್ಕ ಕೂತಿದ್ದಳು. ಬಾಗಿಲು ಆಗಲೂ ಒಂದು ಬೆರಳಷ್ಟು ತೆರೆದಿತ್ತು, ಅಲ್ಲಿಂದ ಏಣಿ ನೇರವಾಗಿ ಕಾಣುತ್ತಿತ್ತು. ಆಕೆ ಬೇರೆ ಏಳನ್ನು ಬಿಟ್ಟು ನಾನು ಒರೆಸಿದ ಪಾಟಿಯನ್ನೇ ಎತ್ತಿಕೊಂಡಳು. ಕಿಟಕಿಯ ಬೆಳಕಿಗೆ ವಾರೆಯಾಗಿ ಹಿಡಿದಳು. ಮೂರನೆಯ ಮನೆಯ ಮೂಲೆಯಲ್ಲಿ ಹೆಬ್ಬೆರಳು ಎಳೆದು, ಬೆರಳಿಗೆ ಬಳಪ ಹತ್ತಿದೆಯೇ ಎಂದು ನೋಡಿದಳು. ಹತ್ತಿರಲಿಲ್ಲ.

“ಈಗ ಚಂದ ಒರೆಸ್ತಿ,” ಎಂದಳು.

ಆಮೇಲೆ ಬಳಪ ತೆಗೆದುಕೊಂಡು ಮೊದಲ ಮನೆಯಲ್ಲಿ ಹಂಡೆ ಎಂದು, ಎರಡನೆಯದರಲ್ಲಿ ಏಳು ಎಂದು ಬರೆದು, ಮೂರನೆಯದರಲ್ಲಿ ಒಂದು ಗೀಟು ಎಳೆದಳು.